ಗಾಣಿಗರ ಬೀದಿಯ ಹರಾಜಿನ ಮನೆ

ನಮ್ಮೂರಿನ ಹೆಸರು ಹೇಳುವುದಿಲ್ಲ. ತಿಪಟೂರಿನಿಂದ ತುರುವೇಕೆರೆ ಕಡೆ ಹೊರಟ ಬಸ್ಸು ಕಾಫಿಗೆ ನಿಲ್ಲುವ ಊರು ಅಂತ ಇಟ್ಟುಕೊಳ್ಳಿ. ಹೆಸರು ಹೇಳಿದರೆ ನಮ್ಮ ಪುರಸಭೆಯವರಿಗೆ ಬೇಜಾರಾಗುತ್ತೆ, ಅವರಿಗೆ ಬೇಜಾರಾದರೆ ನನ್ನ ಹೋಟೆಲಿನ ನಲ್ಲಿಯಲ್ಲಿ ನೀರು ನಿಲ್ಲುತ್ತೆ. ಈ ವಯಸ್ಸಿನಲ್ಲಿ ಕೊಡ ಹೊತ್ತು ಬಾವಿಗೆ ಹೋಗುವ ಶಕ್ತಿ ನನಗಿಲ್ಲ.

ನನ್ನ ಹೋಟೆಲು ಪುರಸಭೆ ಆಫೀಸಿನ ಎದುರಿಗೇ ಇದೆ. ಬೋರ್ಡಿನ ಮೇಲೆ ದೇವರ ಹೆಸರಿದ್ದರೂ ಜನ ಕರೆಯುವುದು ಬಸವರಾಜಪ್ಪನ ಹೋಟ್ಲು ಅಂತಲೇ. ಆಫೀಸಿನ ಒಳಗೆ ಏನು ಕೆಲಸ ನಡೆಯುತ್ತದೋ ನಾನು ಕಂಡಿಲ್ಲ. ನಡೆಯದೇ ಉಳಿಯುವ ಕೆಲಸವೆಲ್ಲ ನನ್ನ ಬೆಂಚಿನ ಮೇಲೆ ಕೂತು ಕಾಫಿ ಕುಡಿಯುವುದನ್ನು ಮಾತ್ರ ದಿನಾ ನೋಡಿದ್ದೇನೆ. ಎಮರ್ಜೆನ್ಸಿ ಕಾಲದಲ್ಲಿ ಹತ್ತು ಗಂಟೆಗೆ ಸರಿಯಾಗಿ ಒಳಗೆ ಹೋಗುತ್ತಿದ್ದ ಗುಮಾಸ್ತರು, ಅದು ಹೋದ ಮೇಲೆ ಆ ದಿನಗಳದ್ದನ್ನೂ ಬಡ್ಡಿ ಸಮೇತ ವಸೂಲಿ ಮಾಡುವವರಂತೆ ಇಲ್ಲಿ ಕೂತರು. ನನಗೆ ವ್ಯಾಪಾರವಾಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅವರನ್ನು ಕಾಯುತ್ತಾ ಎದುರು ಜಗಲಿಯ ಮೇಲೆ ಕೂತ ಜನರ ಮುಖ ನೋಡಿದಾಗ ಆ ವ್ಯಾಪಾರ ಬೇಡ ಅನ್ನಿಸುತ್ತಿತ್ತು.

ಹಾಗೆ ಕಾದವರಲ್ಲಿ ಗುರುಸಿದ್ದಮ್ಮನವರು ಒಬ್ಬರು. ಕೊಬ್ಬರಿ ಮಂಡಿ ಶಂಭುಲಿಂಗಯ್ಯನವರ ತಂಗಿ. ಅಮ್ಮಸಂದ್ರದ ಕಡೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ, ಗಂಡ ಕಾಮಾಲೆಯಲ್ಲಿ ಹೋದರು. ಮೈದುನರು ತೋಟದ ಪಾಲಿಗೆ ಬದಲಾಗಿ ಒಂದಷ್ಟು ಹಣ ಕೈಗಿಟ್ಟು, ಅರಿಶಿನ ಕುಂಕುಮವಿಲ್ಲದೆ ಬಸ್ಸು ಹತ್ತಿಸಿದರು. ಅಣ್ಣ ಒಳ್ಳೆಯವರು, ಮನೆಗೆ ಕರೆದುಕೊಂಡರು. ಆ ಹಣವನ್ನು ಮುಟ್ಟದೆ ಅವರ ಹೆಸರಿನಲ್ಲೇ ಬ್ಯಾಂಕಿನಲ್ಲಿ ಇಡಿಸಿದರು. ಅತ್ತಿಗೆಯೂ ಕೆಟ್ಟವರಲ್ಲ. ಹೊತ್ತು ಹೊತ್ತಿಗೆ ಊಟಕ್ಕೆ ಕರೆಯುತ್ತಿದ್ದರು, ಹಬ್ಬಕ್ಕೆ ಸೀರೆ ತರಿಸುತ್ತಿದ್ದರು.

ಹಾಗಾದರೆ ಇವರಿಗೆ ಇನ್ನೇನು ಬೇಕಿತ್ತು? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಒಂದು ಮಧ್ಯಾಹ್ನ ಹೋಟೆಲಿನ ಒಳಗಿನ ಬೆಂಚಿನಲ್ಲಿ, ಹೊರಗಿನವರಿಗೆ ಕಾಣದ ಹಾಗೆ ಗೋಡೆ ಕಡೆ ತಿರುಗಿ ಕೂತು, ಎರಡನೇ ಲೋಟ ಕಾಫಿ ಕುಡಿಯುತ್ತಾ ಅವರೇ ಹೇಳಿದರು.

"ಬಸವರಾಜು, ನಮ್ಮತ್ತಿಗೆ ಒಂದಿನಾನೂ ಇಲ್ಲ ಅಂದಿಲ್ಲ ಕಣಪ್ಪ. ಆದ್ರೆ ಒಂದು ಲೋಟ ಕಾಫಿ ಬೇಕು ಅಂದ್ರೆ ಕೇಳ್ಬೇಕಲ್ಲ. ಹಾಲಿದೆಯೇನಮ್ಮಾ ಅಂತ ಕೇಳಿದ್ರೆ, ಅವಳು ಪಾತ್ರೆ ಕಡೆ ನೋಡಿ, ಇದೆ ಮಾಡ್ಕೊಳ್ಳಿ ಅಂತಾಳೆ. ಅವಳು ಪಾತ್ರೆ ಕಡೆ ನೋಡ್ತಾಳಲ್ಲ, ಅಷ್ಟು ಹೊತ್ತು ನಂಗೆ ಭೂಮಿ ಬಾಯಿ ಬಿಡಬಾರದಾ ಅನ್ಸುತ್ತೆ. ನಂದೂ ಅಂತ ಒಂದು ಒಲೆ ಇರಬೇಕು. ಇನ್ನೇನೂ ಬ್ಯಾಡ."

ಅವರಿಗೆ ಬೇಕಿದ್ದದ್ದು ಅಷ್ಟೇ, ಒಂದು ಒಲೆ. ಒಲೆಗೊಂದು ಮನೆ ಬೇಕಲ್ಲ, ಆ ಮನೆ ಪುರಸಭೆಯ ನೋಟೀಸ್ ಬೋರ್ಡಿನ ಮೇಲೆ ಸಿಕ್ಕಿತು. ಮನೆ ಕಂದಾಯ ಬಾಕಿಗೆ ಹರಾಜು ಹಾಕುವ ಸ್ವತ್ತುಗಳ ಪಟ್ಟಿಯಲ್ಲಿ, ಗಾಣಿಗರ ಬೀದಿಯ ಗಂಗಾಧರಯ್ಯನ ಮನೆ. ಗಂಗಾಧರಯ್ಯ ತೀರಿಕೊಂಡು ಎಷ್ಟೋ ವರ್ಷವಾಗಿತ್ತು. ಮಕ್ಕಳಿಲ್ಲ. ತಮ್ಮನ ಮಗ ಒಬ್ಬ ಭದ್ರಾವತಿಯ ಕಾರ್ಖಾನೆ ಸೇರಿ ಈ ಕಡೆ ತಲೆ ಹಾಕಿರಲಿಲ್ಲ. ಹೆಂಚಿನ ಮನೆ, ಒಳಗೆ ಒಂದು ನಡುಮನೆ, ಅಡುಗೆಮನೆ, ಮೇಲೆ ತೆಂಗಿನಕಾಯಿ ಹಾಕುವ ಅಟ್ಟ. ಒಂಟಿ ಹೆಂಗಸಿಗೆ ಧಾರಾಳವಾಗಿತ್ತು.

ಅಲ್ಲಿಂದ ಅವರ ಓಡಾಟ ಶುರುವಾಯಿತು. ಅವರು ಕೇಳಿದ್ದು ತೀರಾ ಸಾಮಾನ್ಯ ಸಂಗತಿ. ಮನೆ ಎಷ್ಟಗಲ ಎಷ್ಟುದ್ದ, ಚಕ್ಕುಬಂದಿ ಏನು, ಬಾಕಿ ಎಷ್ಟು, ಹರಾಜು ಯಾವತ್ತು, ಹಿಡಿದ ಮೇಲೆ ಯಾರಾದರೂ ವಾರಸುದಾರರು ಬಂದು ತಕರಾರು ತೆಗೆದರೆ ಏನು ಗತಿ. ಪಟ್ಟಿ ಬರೆದ ಗುಮಾಸ್ತ ತಲೆ ಎತ್ತದೆ, "ಅದು ನನ್ನ ಟೇಬಲ್ಲಲ್ಲ" ಅಂದ. ಪಕ್ಕದ ಟೇಬಲ್ಲಿನವನು ರಜದಲ್ಲಿದ್ದ. ರಜ ಮುಗಿಸಿ ಬಂದವನು, ಅಳತೆ ಬೇಕಾದರೆ ರೆವಿನ್ಯೂ ಇನ್ಸ್‌ಪೆಕ್ಟರನ್ನು ಕೇಳಿ ಅಂದ. ಇನ್ಸ್‌ಪೆಕ್ಟರು ವಸೂಲಿಗೆ ಹೋಗಿದ್ದರು. ಅವರು ಯಾವತ್ತೂ ವಸೂಲಿಗೇ ಹೋಗಿರುತ್ತಿದ್ದರು, ಊರಿನ ಕಂದಾಯ ಮಾತ್ರ ಯಾವತ್ತೂ ಬಾಕಿಯೇ ಇರುತ್ತಿತ್ತು.

ಮ್ಯಾನೇಜರು ಹಿರಿಯರು, ಮರ್ಯಾದಸ್ಥರು. ಕುರ್ಚಿ ಕೊಟ್ಟು ಕೂರಿಸಿದರು.

"ಅಲ್ಲಮ್ಮ, ಶಂಭುಲಿಂಗಯ್ಯನೋರ ತಂಗಿ ನೀವು. ಬೇಕಾದಂಗಿರೋ ಅಣ್ಣ. ನಿಮಗ್ಯಾಕೆ ಈ ವಯಸ್ನಲ್ಲಿ ಹರಾಜಿನ ಮನೆ ಸಾವಾಸ?"

"ಬೇಕಿತ್ತು ಸ್ವಾಮಿ."

"ಅಣ್ಣನ್ನ ಕಳಿಸಿ. ಗಂಡಸರು ಗಂಡಸರು ಮಾತಾಡ್ತೀವಿ."

ಆವತ್ತು ಅವರು ಹೊರಗೆ ಬಂದವರೇ ಕಾಫಿಯನ್ನೂ ಕೇಳದೆ ನಡೆದುಬಿಟ್ಟರು. ಅಣ್ಣನಿಗೆ ಗೊತ್ತಿಲ್ಲದೆ ನಡೆಯಬೇಕು ಅನ್ನುವುದೇ ಅವರ ಆಸೆ. ಗೊತ್ತಾದರೆ ಆ ಮನುಷ್ಯ ನೊಂದುಕೊಳ್ಳುತ್ತಾರೆ, ತಾನು ಏನು ಕಮ್ಮಿ ಮಾಡಿದೆ ಅಂತ ಕೇಳುತ್ತಾರೆ. ಅದಕ್ಕೆ ಉತ್ತರ ಹೇಳಲು ಇವರ ಕೈಯಲ್ಲಿ ಆಗುವುದಿಲ್ಲ.

ಎಲ್ಲರೂ ಕೊನೆಗೆ ಬೊಟ್ಟು ಮಾಡುತ್ತಿದ್ದದ್ದು ಬಿಲ್ ಕಲೆಕ್ಟರ್ ತಿಪ್ಪಯ್ಯನ ಕಡೆಗೆ. ಗಾಣಿಗರ ಬೀದಿ ಅವನ ವಾರ್ಡು. ನೋಟೀಸು ಅಂಟಿಸುವವನು ಅವನು, ತಮಟೆ ಹೊಡೆಸಿ ಸಾರುವವನು ಅವನು, ಸಾರಿದ್ದಾಯಿತು ಅಂತ ವರದಿ ಬರೆದುಕೊಟ್ಟರೆ ತಾನೆ ಹರಾಜು. ಸಣಕಲು ಮೈ, ಮಾಸಿದ ಬಿಳಿ ಅಂಗಿ, ಕಂಕುಳಲ್ಲಿ ಚೀಲ. ನನ್ನ ಹೋಟೆಲಲ್ಲಿ ಯಾವತ್ತೂ ಒಂದು ಕಾಫಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಂಡೇ ಕುಡಿಯುವವನು. ಮೆತ್ತಗಿನ ಮಾತು. ಸಿಡುಕುವ ಗುಮಾಸ್ತರ ನಡುವೆ ಅವನೊಬ್ಬನೇ ಮನುಷ್ಯ ಅಂತ ನಾನು ತಿಳಿದಿದ್ದೆ.

"ಆ ಮನೆ ಬ್ಯಾಡಿ ಅಮ್ಮಾರೆ," ಅಂದ ತಿಪ್ಪಯ್ಯ. "ತಿಪಟೂರು ಕೋರ್ಟಲ್ಲಿ ಕೇಸೈತೆ."

ಗುರುಸಿದ್ದಮ್ಮ ಬಸ್ಸು ಹತ್ತಿ ತಿಪಟೂರಿಗೆ ಹೋದರು. ಕೋರ್ಟಿನ ಅಂಗಳದಲ್ಲಿ ಎರಡು ಹೊತ್ತು ಕಾದು, ವಕೀಲರ ಗುಮಾಸ್ತನೊಬ್ಬನ ಕೈ ಬೆಚ್ಚಗೆ ಮಾಡಿ ವಿಚಾರಿಸಿದರು. ಯಾವ ಕೇಸೂ ಇರಲಿಲ್ಲ. ಬಂದು ಹೇಳಿದರೆ ತಿಪ್ಪಯ್ಯ, "ಹಂಗಾದ್ರೆ ವಜಾ ಆಗಿರಬೇಕು. ಆದ್ರೆ ತಮ್ಮನ ಮಗ ಭದ್ರಾವತಿಯಿಂದ ಬತ್ತೀನಿ ಅಂದವ್ನಂತೆ" ಅಂದ. ಸರಿ, ಇವರು ರೈಲು ಹತ್ತಿದರು. ಅರಸೀಕೆರೆ, ಬೀರೂರು ದಾಟಿ ಭದ್ರಾವತಿ. ಅಣ್ಣನಿಗೆ ಹಾಲ್ಕುರಿಕೆ ಮಠಕ್ಕೆ ಹೋಗುತ್ತೇನೆ ಅಂತ ಸುಳ್ಳು ಹೇಳಿದ್ದರು. ಆ ತಮ್ಮನ ಮಗ ಕ್ವಾರ್ಟರ್ಸಿನ ಬಾಗಿಲಲ್ಲಿ ನಿಂತೇ, "ಆ ಮನೆ ಇನ್ನೂ ಬಿದ್ದಿಲ್ವಾ? ಯಾರು ಬೇಕಾದ್ರೂ ತಗೊಳ್ಲಿ ಬಿಡ್ರಮ್ಮ, ನನಗ್ಯಾಕೆ" ಅಂದನಂತೆ. ಆ ಮಾತನ್ನು ಬರೆಸಿ ರುಜು ಹಾಕಿಸಿಕೊಂಡೂ ಬಂದರು. ತಿಪ್ಪಯ್ಯ ಅದನ್ನು ಓದಿ, ಮಡಿಸಿ, ಹಿಂದಕ್ಕೆ ಕೊಟ್ಟು, "ಹಿಂದಿನ ಗೋಡೆ ಬಿರುಕು ಬಿಟ್ಟೈತೆ ಅಮ್ಮಾರೆ, ಈ ಮಳೆಗೆ ನಿಲ್ಲಾಕಿಲ್ಲ" ಅಂದ.

ಅವನ ಒಂದೊಂದು ಮಾತಿಗೂ ಅವರಿಗೆ ಒಂದೊಂದು ಪ್ರಯಾಣ. ಆ ವರ್ಷ ಹರಾಜಿನ ದಿನ ಬಂತು, ಗಾಣಿಗರ ಬೀದಿಯ ಮನೆ ಮಾತ್ರ ಪಟ್ಟಿಯಿಂದ ಬಿಟ್ಟುಹೋಗಿತ್ತು. ಕೇಳಿದರೆ, ನೋಟೀಸು ಜಾರಿಯಾಗಿಲ್ಲ. ಯಾಕೆ ಆಗಿಲ್ಲ? ಅದು ನನ್ನ ಟೇಬಲ್ಲಲ್ಲ. ನಾನು ಎದುರಿಗೆ ಕೂತು ನೋಡುತ್ತಿದ್ದವನು, ನನಗೇ ಸಾಕಾಗಿ ಹೋಯಿತು. ಅವರ ಚಪ್ಪಲಿ ಸವೆಯಿತು, ಕಾಲಲ್ಲಿ ಆಣಿ ಎದ್ದಿತು. ಮೊದಲು ಜಗಲಿಯ ಮೇಲೆ ಬೆನ್ನು ನೆಟ್ಟಗೆ ಮಾಡಿ ಕೂರುತ್ತಿದ್ದವರು ಬರಬರುತ್ತಾ ಕಂಬಕ್ಕೆ ಒರಗಿ ಕೂರುವುದಕ್ಕೆ ಶುರು ಮಾಡಿದರು.

ಶಿವರಾತ್ರಿ ಕಳೆದ ವಾರ ಇರಬೇಕು. ಹೋಟೆಲಿಗೆ ಬಂದವರು, "ಬಸವರಾಜು, ಒಂದ್ಗಳಿಗೆ ನನ್ ಜೊತೆ ಬಾರಪ್ಪ. ಆ ಗೋಡೆ ನಾನೇ ನೋಡ್ತೀನಿ" ಅಂದರು. ಇಷ್ಟೆಲ್ಲ ಊರು ಸುತ್ತಿದವರು ಆ ಮನೆಯ ಹತ್ತಿರ ಮಾತ್ರ ಹೋಗಿರಲಿಲ್ಲ. ಗಾಣಿಗರ ಬೀದಿಯಲ್ಲೇ ಅವರ ಅತ್ತಿಗೆಯ ತವರಿನವರಿದ್ದರು, ಕಂಡರೆ ಸುದ್ದಿ ಮನೆಗೆ ಮುಟ್ಟುತ್ತೆ ಅನ್ನುವ ಭಯ. ಆವತ್ತು ಆ ತವರಿನವರು ಯಾವುದೋ ಮದುವೆಗೆ ಹೋಗಿದ್ದರು.

ಹೋದೆವು. ಬಾಗಿಲಿಗೆ ಬೀಗ. ಹಿತ್ತಿಲ ಗೋಡೆ ಕಲ್ಲಿನಂತೆ ನಿಂತಿತ್ತು, ಒಂದು ಕೂದಲಿನಷ್ಟೂ ಬಿರುಕಿಲ್ಲ. ನಾನು ತಿಪ್ಪಯ್ಯನನ್ನು ಬೈಯುತ್ತಾ ಗೋಡೆ ನೋಡುತ್ತಿದ್ದರೆ, ಇವರು ತಲೆ ಎತ್ತಿ ಹೆಂಚಿನ ಸೂರಿನ ಕೆಳಗೆ ಮೂಗು ಅರಳಿಸಿ ನಿಂತರು.

"ಅಟ್ಟದಲ್ಲಿ ಕಾಯಿ ಐತೆ."

"ಪಾಳು ಮನೇಲಿ ಯಾವ ಕಾಯಿ ಅಕ್ಕ?"

"ವಾಸನೆ ಗೊತ್ತಾಗಲ್ವೇನೋ? ಈ ವರ್ಷ ಹಾಕಿದ ಕಾಯಿ. ಇನ್ನೂ ಸಿಪ್ಪೆ ಹಸೀ ವಾಸನೆ ಹೋಗಿಲ್ಲ."

ನಾನು ಕಾಫಿ ವಾಸನೆಯಲ್ಲಿ ಬದುಕಿದವನು, ನನಗೆ ಏನೂ ಗೊತ್ತಾಗಲಿಲ್ಲ. ಅವರು ಕೊಬ್ಬರಿ ಮನೆಯಲ್ಲಿ ಹುಟ್ಟಿ, ತೋಟದ ಮನೆಗೆ ಹೋಗಿ ಬಂದವರು. ಪಕ್ಕದ ಮನೆ ಬೋರಮ್ಮ ಸಗಣಿ ತಟ್ಟುತ್ತಿದ್ದಳು. ಅವಳನ್ನು ಕೇಳಿದೆವು.

"ಅದಾ? ಅದು ಪುರಸಭೆ ಮಾಲು ಕಣಮ್ಮ," ಅಂದಳು. "ತಿಪ್ಪಯ್ಯನೋರು ವರ್ಸಾ ವರ್ಸಾ ದೀಪಾವಳಿ ಆಗ್ತಿದ್ದಂಗೆ ಗಾಡೀಲಿ ತಂದು ಹಾಕುಸ್ತಾರೆ. ಗವರ್ಮೆಂಟು ಕಾಯಿ, ಮುಟ್ಟಬ್ಯಾಡಿ ಅಂದವ್ರೆ. ನಾವ್ಯಾಕೆ ಮುಟ್ಟಾಣ?"

ಗವರ್ಮೆಂಟು ಕಾಯಿ! ನನಗೆ ನಗು ಬಂತು, ಅದರ ಹಿಂದೆಯೇ ಮೈಯೆಲ್ಲ ಉರಿಯಿತು. ಕೋರ್ಟು, ಭದ್ರಾವತಿ, ಬಿರುಕು ಗೋಡೆ ಎಲ್ಲದರ ಅರ್ಥ ಒಂದೇ ಸಲಕ್ಕೆ ಆಯಿತು. ಮನೆ ಹರಾಜಾದರೆ ಅಟ್ಟ ಹೋಗುತ್ತೆ. ಅದಕ್ಕೇ ಆ ಮನೆ ಪ್ರತಿ ವರ್ಷ ಪಟ್ಟಿಗೆ ಬರುತ್ತೆ, ಹರಾಜಿಗೆ ಮಾತ್ರ ಬರುವುದಿಲ್ಲ.

ನಮ್ಮ ಕಡೆಯವರಲ್ಲದವರಿಗೆ ಒಂದು ಮಾತು ಬಿಡಿಸಿ ಹೇಳಬೇಕು. ಇಲ್ಲಿ ಕಾಯಿಯನ್ನು ಒಡೆದು ಬಿಸಿಲಿಗೆ ಹಾಕಿ ಕೊಬ್ಬರಿ ಮಾಡುವುದಿಲ್ಲ. ಬಲಿತ ಕಾಯಿಯನ್ನು ಸಿಪ್ಪೆ ಸಮೇತ ಅಟ್ಟಕ್ಕೆ ಹಾಕುತ್ತೇವೆ. ಹೆಚ್ಚುಕಮ್ಮಿ ಒಂದು ವರ್ಷ ಅದು ಅಲ್ಲೇ ಸುಮ್ಮನೆ ಕೂರಬೇಕು. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಕರಟ ಬಿಟ್ಟು ಗಿಟುಕಾಗಬೇಕು. ಅಲ್ಲಾಡಿಸಿದರೆ ಒಳಗೆ ಗುಂಡು ಉರುಳಿದ ಸದ್ದು ಬರುತ್ತೆ, ಆವಾಗ ಇಳಿಸುವುದು. ನಡುವೆ ಕದಲಿಸಿದರೆ ಕಾಯಿ ಕೊಳೆಯುತ್ತೆ ಅಂತ ನಂಬಿಕೆ. ಅಣ್ಣತಮ್ಮಂದಿರು ಹೊಡೆದಾಡಿ ಮನೆ ಪಾಲು ಮಾಡಿಕೊಂಡರೂ, ಅಟ್ಟದಲ್ಲಿ ಕಾಯಿ ಇದ್ದರೆ ಗಿಟುಕಾಗುವ ತನಕ ಆ ಅಟ್ಟಕ್ಕೆ ಯಾರೂ ಕೈ ಹಾಕುವುದಿಲ್ಲ.

ಸಂಜೆ ತಿಪ್ಪಯ್ಯ ಕಾಫಿಗೆ ಬಂದಾಗ ಅವನನ್ನು ಒಳಗಿನ ಬೆಂಚಿಗೆ ಕರೆದೆ. ಗುರುಸಿದ್ದಮ್ಮ ಅಲ್ಲೇ ಕೂತಿದ್ದರು. ಅಲ್ಲಿಯವರೆಗೆ ಅವನನ್ನು ನೀವು ಅನ್ನುತ್ತಿದ್ದವರು ಆವತ್ತು ನೀನು ಅಂದರು.

"ಗವರ್ಮೆಂಟು ಕಾಯಿ ಎಷ್ಟು ಹಾಕಿದ್ದೀಯ ತಿಪ್ಪಯ್ಯ?"

ಅವನ ಕೈಯಲ್ಲಿದ್ದ ಲೋಟ ಬೆಂಚಿನ ಮೇಲೆ ಬಂತು. ಬೊಗಳೆ ಬಿಡಬಹುದಿತ್ತು, ಬಿಡಲಿಲ್ಲ. ತಲೆ ತಗ್ಗಿಸಿ ಕೂತ. ಆಮೇಲೆ ಮೆಲ್ಲಗೆ ಹೇಳಿಕೊಂಡ. ಹೊನ್ನವಳ್ಳಿ ಹತ್ತಿರ ಅಪ್ಪ ಬಿಟ್ಟುಹೋದ ಒಂದು ಚೂರು ತೋಟ. ಅಲ್ಲಿನ ಮನೆ ಅಣ್ಣನ ಪಾಲಿಗೆ ಹೋಯಿತು, ಅಟ್ಟವೂ ಅದರ ಜೊತೆ ಹೋಯಿತು. ಇಲ್ಲಿ ಅವನಿರುವುದು ತಗಡಿನ ಶೀಟಿನ ಬಾಡಿಗೆ ಮನೆ, ನಿಂತರೆ ತಲೆ ತಾಗುತ್ತೆ.

"ಕಾಯಿ ಐತೆ, ಅಟ್ಟ ಇಲ್ಲ ಅಕ್ಕಾರೆ. ಹಸೀ ಕಾಯಿ ಮಾರುದ್ರೆ ಏನು ಬತ್ತದೆ, ನಿಮಗೆ ಗೊತ್ತಿಲ್ವಾ? ಆ ಮನೆ ನೋಟೀಸು ಅಂಟ್ಸಕೋದಾಗ ನೋಡ್ದೆ. ಖಾಲಿ ಅಟ್ಟ. ಅಂಥಾ ಅಟ್ಟ ಖಾಲಿ ಬಿದ್ದಿರೋದು ನೋಡಿ ಹೊಟ್ಟೆ ಉರೀತು. ಬೀಗ ನಾನೇ ಹಾಕ್ದೆ."

"ನಿನ್ನ ಹೊಟ್ಟೆ ಉರಿಗೆ ಇವರು ಭದ್ರಾವತಿ ತನಕ ಹೋಗಿಬಂದ್ರಲ್ಲೋ!" ಅಂತ ನಾನು ಎಗರಿದೆ. "ನಡಿ, ಈಗ್ಲೇ ಮುಖ್ಯಾಧಿಕಾರಿಗಳ ಹತ್ರ ಹೋಗಾಣ. ಕೆಲಸ ಹೋಗುತ್ತೆ ನಿಂದು."

ಗುರುಸಿದ್ದಮ್ಮ ನನ್ನ ಕಡೆ ನೋಡಲೇ ಇಲ್ಲ. ಅವರ ಯೋಚನೆ ಬೇರೆಲ್ಲೋ ಇತ್ತು. "ಯಾವಾಗ ಹತ್ತಿಸಿದ್ದು?" ಅಂತ ಕೇಳಿದರು.

"ದೀಪಾವಳಿ ಆಗಿ ವಾರಕ್ಕೆ."

"ಹಂಗಾದ್ರೆ ಇನ್ನೂ ನೀರೈತೆ."

"ಐತೆ ಅಕ್ಕಾರೆ. ಈಗ ಇಳಿಸುದ್ರೆ ಎಲ್ಲಾ ಹಾಳು. ನಿಮ್ಮ ಕಾಲಿಗೆ ಬೀಳ್ತೀನಿ, ಗಿಟುಕಾಗೋಗಂಟ ತಡೀರಿ. ಇಳಿಸಿದ್ದೇ ಮನೆ ಪಟ್ಟಿಗೆ ಹಾಕುಸ್ತೀನಿ, ತಮಟೆ ಹೊಡಿಸ್ತೀನಿ, ವರದಿ ನಾನೇ ಕೊಡ್ತೀನಿ. ನಿಮ್ಮನೆ ದೇವ್ರಾಣೆ."

ಅವರು ಬೆಂಚಿನ ಮೇಲಿದ್ದ ಅವನ ಲೋಟವನ್ನು ಅವನ ಕಡೆಗೇ ಸರಿಸಿದರು. ಆಮೇಲೆ, "ಆಗ್ಲಿ. ಗಿಟುಕಾಗ್ಲಿ" ಅಂದರು.

ಅವನು ಹೋದ ಮೇಲೆ ನಾನು ಬಾಯಿಗೆ ಬಂದಂತೆ ಅಂದೆ. ಕೈಗೆ ಸಿಕ್ಕ ಕಳ್ಳನಿಗೆ ವಾಯಿದೆ ಕೊಟ್ಟು ಕಳಿಸಿದಿರಲ್ಲ ಅಂದೆ. ನಿಮ್ಮಂಥವರಿರುವುದಕ್ಕೇ ಆಫೀಸಿನವರು ಹೀಗಾಗಿರುವುದು ಅಂತಲೂ ಅಂದುಬಿಟ್ಟೆ. ಅವರು ಬೈಸಿಕೊಂಡು ಕೂತಿದ್ದು, ಕೊನೆಗೆ ಹೇಳಿದ್ದು ಇಷ್ಟೆ:

"ಅವನು ಮಾಡಿದ್ದು ತಪ್ಪೇ ಕಣಪ್ಪ. ಕಾಯಿ ಏನ್ ಮಾಡಿತ್ತು? ಅಟ್ಟದ ಕಾಯಿ ಅರ್ಧಕ್ಕೆ ಇಳಿಸು ಅನ್ನೋ ಮಾತು ನನ್ನ ಬಾಯಲ್ಲಿ ಬರಲ್ಲ."

ನಾನಾಗಿದ್ದರೆ ಆವತ್ತೇ ಇಳಿಸುತ್ತಿದ್ದೆ. ಹೋಟೆಲಿನವನಿಗೆ ಇವತ್ತಿನ ದೋಸೆ ಹಿಟ್ಟು ಇವತ್ತಿಗೆ. ಅವರು ಬೆಳೆದದ್ದು ಒಂದು ಕಾಯಿಗೆ ವರ್ಷಗಟ್ಟಲೆ ಕಾಯುವ ಮನೆಯಲ್ಲಿ. ಬೇರೆ ಊರಿನವರು ಯಾರೂ ಈ ತಪ್ಪು ಮಾಡುತ್ತಿರಲಿಲ್ಲ.

ಬೇಸಿಗೆ ಹೋಯಿತು, ಮಳೆಗಾಲ ಬಂತು. ಅವರು ಆಫೀಸಿಗೆ ಬರುವುದನ್ನು ಕಮ್ಮಿ ಮಾಡಿದರು. ಬಂದರೂ ಒಳಗೆ ಹೋಗದೆ ನನ್ನಲ್ಲಿ ಕೂತು ಕಾಫಿ ಕುಡಿದು ಹೋಗುತ್ತಿದ್ದರು. ತಿಪ್ಪಯ್ಯ ಎದುರಿಗೆ ಸಿಕ್ಕರೆ, "ಹೆಂಗೈತೆ?" ಅಂತ ಕೇಳುತ್ತಿದ್ದರು, ಮನೆಯಲ್ಲಿ ಕಾಯಿಲೆಯವರಿದ್ದರೆ ಕೇಳುವ ಹಾಗೆ. ಅವನು, "ನೀರು ಇಂಗ್ತಾ ಐತೆ ಅಕ್ಕಾರೆ" ಅನ್ನುತ್ತಿದ್ದ. ಒಂದು ಸಲ ಮಳೆ ಹಿಡಿದು ಬಿಡದೇ ಇದ್ದಾಗ, ಕೆಳಗೆ ಒಂಚೂರು ಹೊಗೆ ಹಾಕು, ಬೂಸ್ಟು ಹಿಡಿಯಲ್ಲ ಅಂತ ಬುದ್ಧಿಯನ್ನೂ ಹೇಳಿದರು. ಅದನ್ನು ಕೇಳಿ ನಾನು ಹಣೆ ಚಚ್ಚಿಕೊಂಡೆ.

ಆ ವರ್ಷ ಕೊಬ್ಬರಿಗೆ ಒಳ್ಳೆಯ ರೇಟು ಬಂತು. ದಸರಾ ಮುಗಿದ ಮೇಲೆ ತಿಪ್ಪಯ್ಯ ಕಾಯಿ ಇಳಿಸಿದ, ಸುಲಿಸಿದ, ಮಾರಿದ. ಹೇಳಿದ ಮಾತಿನಂತೆ ಮನೆಯನ್ನು ಪಟ್ಟಿಗೂ ಹಾಕಿಸಿದ. ತಮಟೆಯವನು ಬೀದಿ ಬೀದಿಯಲ್ಲಿ ಸಾರಿದ್ದನ್ನು ನಾನೇ ಕೇಳಿದೆ. ಇಷ್ಟು ದಿನ ಅವನನ್ನು ಬೈದದ್ದಕ್ಕೆ ನನಗೆ ಸ್ವಲ್ಪ ನಾಚಿಕೆಯೂ ಆಯಿತು. ಗುರುಸಿದ್ದಮ್ಮ ಬ್ಯಾಂಕಿನಿಂದ ಹಣ ಬಿಡಿಸಿದರು. ಅಣ್ಣನಿಗೂ ಹೇಳಿದರು. ಶಂಭುಲಿಂಗಯ್ಯನವರು ಊಟ ಬಿಟ್ಟು ಎದ್ದರಂತೆ, ಎರಡು ದಿನ ಮಾತಾಡಲಿಲ್ಲವಂತೆ. ಮೂರನೇ ದಿನ, ನಿನ್ನಿಷ್ಟ ಅಂದರಂತೆ. ಅತ್ತಿಗೆ ಅತ್ತರಂತೆ. ಇದನ್ನು ಹೇಳುವಾಗ ಇವರ ಕಣ್ಣೂ ಒದ್ದೆಯಾಗಿತ್ತು. ಆದರೆ ಮುಖದಲ್ಲಿ ಗೆಲುವಿತ್ತು, ಅಷ್ಟು ದಿನದಲ್ಲಿ ನಾನು ಮೊದಲ ಸಲ ಕಂಡದ್ದು.

ಹರಾಜಿನ ಬೆಳಗ್ಗೆ ಹಣೆ ತುಂಬ ವಿಭೂತಿ ಧರಿಸಿ, ಒಗೆದ ಸೀರೆ ಉಟ್ಟು, ಮುಂಗಡದ ಹಣವನ್ನು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದರು. ನಾನು ಗಲ್ಲಾ ಪೆಟ್ಟಿಗೆ ಬೇರೆಯವರಿಗೆ ಒಪ್ಪಿಸಿ ಜೊತೆಗೆ ಹೋದೆ. ಜಗಲಿಯ ಮೇಲೆ ಒಂದಷ್ಟು ಜನ ಸೇರಿದ್ದರು. ಮ್ಯಾನೇಜರು ಒಂದೊಂದೇ ಸ್ವತ್ತು ಕೂಗಿಸಿದರು. ಸಂತೆ ಮೈದಾನದ ಮಳಿಗೆ ಹೋಯಿತು, ಕೆರೆ ಏರಿ ಕೆಳಗಿನ ನಿವೇಶನ ಹೋಯಿತು. ಆಮೇಲೆ ಅವರು ಕಾಗದ ಮಡಿಸಿ ಕನ್ನಡಕ ತೆಗೆದರು.

"ಗಾಣಿಗರ ಬೀದೀದು ಸ್ವಾಮಿ?" ಅಂದರು ಗುರುಸಿದ್ದಮ್ಮ.

"ಅದು ಇಲ್ಲಮ್ಮ. ಬಾಕಿ ಚುಕ್ತಾ ಆಯ್ತು. ನೆನ್ನೆ ಸಂಜೆ ಪೂರ್ತಿ ಕಟ್ಟಿದ್ರು. ಕಟ್ಟಿದ ಮೇಲೆ ಹರಾಜು ಹೆಂಗೆ ಹಾಕೋದು?"

"ಯಾರು ಕಟ್ಟಿದ್ದು?"

"ಗಂಗಾಧರಯ್ಯ ಅಂತ ರಸೀದಿ ಆಗಿದೆ."

"ಗಂಗಾಧರಯ್ಯ ಸತ್ತು ಯಾವ ಕಾಲ ಆಯ್ತು!" ಅಂತ ನಾನು ಕೂಗಿದೆ.

ಮ್ಯಾನೇಜರು ಬೇಜಾರಿನಿಂದ ನನ್ನ ಕಡೆ ನೋಡಿದರು. "ಯಾರ ಹೆಸರಿಗೆ ಯಾರು ಬೇಕಾದ್ರೂ ಕಟ್ಟಬೋದು ಬಸವರಾಜಪ್ಪ. ಪುರಸಭೆಗೆ ಬರಬೇಕಾದ್ದು ಬಂತು. ಕಟ್ಟಿದೋರು ಬದುಕಿದಾರೋ ಸತ್ತಿದಾರೋ ಅಂತ ನೋಡೋದು ನಮ್ಮ ಕೆಲಸ ಅಲ್ಲ."

ಗುರುಸಿದ್ದಮ್ಮ ಮೆಟ್ಟಿಲು ಇಳಿದು ರಸ್ತೆ ದಾಟಿ ಬಂದು ಬೆಂಚಿನ ಮೇಲೆ ಕೂತರು, ಹೊರಗಿನ ಬೆಂಚಿನ ಮೇಲೇ. ಯಾರು ನೋಡುತ್ತಾರೆ ಅನ್ನುವ ಗೊಡವೆ ಅವರಿಗೆ ಇರಲಿಲ್ಲ.

"ಆ ಕೊಬ್ಬರಿ ದುಡ್ಡಲ್ಲೇ ಕಟ್ಟಿದ್ದಾನೆ ಕಣೋ," ಅಂದರು. "ನಾನು ಗಿಟುಕಾಗ್ಲಿ ಅಂದ್ನಲ್ಲ, ಅದೇ ಕೊಬ್ಬರಿ."

ಅವರು ಅಳಲಿಲ್ಲ, ಶಾಪ ಹಾಕಲಿಲ್ಲ. ಅದನ್ನು ನೋಡುವುದು ನನಗೆ ಇನ್ನೂ ಕಷ್ಟವಾಯಿತು. ತಿಪ್ಪಯ್ಯ ರಜ ಹಾಕಿದ್ದಾನೆ ಅಂತ ಜವಾನ ಹೇಳಿದ. ರಜ ಹಾಕಿ ಎಲ್ಲಿರುತ್ತಾನೆ ಅಂತ ನಮ್ಮಿಬ್ಬರಿಗೂ ಗೊತ್ತಿತ್ತು. ದೀಪಾವಳಿ ಆಗಿ ಒಂದು ವಾರವಾಗಿತ್ತು.

ಗಾಣಿಗರ ಬೀದಿಯಲ್ಲಿ ಆ ಮನೆಯ ಮುಂದೆ ಎತ್ತಿನ ಗಾಡಿ ನಿಂತಿತ್ತು. ಗಾಡಿ ತುಂಬ ಹೊಸ ಕಾಯಿ. ಆಳುಗಳು ಮಕ್ಕರಿ ಹೊತ್ತು ಒಳಗೆ ಹೋಗಿ ಬರುತ್ತಿದ್ದರು. ತಿಪ್ಪಯ್ಯ ತಲೆಗೆ ಟವಲ್ಲು ಸುತ್ತಿ ಬಾಗಿಲಲ್ಲಿ ನಿಂತಿದ್ದ. ನಾನು ಹೋದವನೇ ಅವನ ಅಂಗಿ ಹಿಡಿದೆ. ಬಿಡಿಸಿಕೊಳ್ಳಲೂ ಇಲ್ಲ ಆ ಮನುಷ್ಯ.

"ತಪ್ಪಾಯ್ತು ಅಕ್ಕಾರೆ," ಅಂದ, ನನ್ನನ್ನು ಬಿಟ್ಟು ಅವರನ್ನು ನೋಡುತ್ತಾ. "ಪಟ್ಟಿಗೆ ಹಾಕ್ಸೋವಾಗ ಕೊಡ್ಲೇಬೇಕು ಅಂತ್ಲೇ ಇದ್ದೆ. ಅಷ್ಟ್ರಲ್ಲಿ ಈ ವರ್ಸದ ಕಾಯಿ ಕಿತ್ತಿದ್ದಾಯ್ತು. ಎಲ್ಲಿ ಹಾಕ್ಲಿ? ಊರೆಲ್ಲ ಸುತ್ತುದ್ರೂ ಇನ್ನೊಂದು ಅಟ್ಟ ಇಲ್ಲ. ನೆನ್ನೆ ಸಂಜೆ ಕಟ್ಟೇ ಬುಟ್ಟೆ."

"ಬಿಡು ಅವನ್ನ ಬಸವರಾಜು," ಅಂದರು ಗುರುಸಿದ್ದಮ್ಮ.

ಬಿಟ್ಟೆ. ಅವರು ಹೊಸ್ತಿಲು ದಾಟಿ ಒಳಗೆ ಹೋದರು. ಇಷ್ಟು ದಿನ ಆಸೆಪಟ್ಟ ಮನೆಯನ್ನು ಅವರು ಒಳಗಿಂದ ನೋಡಿದ್ದು ಆವತ್ತೇ. ನಡುಮನೆ, ಅಡುಗೆಮನೆ ಎಲ್ಲ ಖಾಲಿ. ಮೂಲೆಯಲ್ಲಿ ಮಣ್ಣಿನ ಒಲೆ ಒಂದು ಕಡೆ ಕುಸಿದಿತ್ತು. ಮೇಲೆ ಅಟ್ಟದಲ್ಲಿ ಕಾಯಿ ಸುರಿಯುವ ಸದ್ದು, ಹಲಗೆ ಸಂದಿಯಿಂದ ಧೂಳು ಉದುರುತ್ತಿತ್ತು. ಅವರು ಸೆರಗಿನಿಂದ ತಲೆ ಮುಚ್ಚಿಕೊಂಡು ಸುತ್ತ ನೋಡಿದರು.

"ಕೆಳಗೆ ಏನ್ ಇಡ್ತೀಯ ತಿಪ್ಪಯ್ಯ?"

"ಏನೂ ಇಲ್ಲ ಅಕ್ಕಾರೆ. ನನಗೆ ಬೇಕಿರೋದು ಅಟ್ಟ ಅಷ್ಟೇಯ."

"ಹಂಗಾದ್ರೆ ಅಟ್ಟ ನೀನೇ ಇಟ್ಕೋ. ಬೀಗದ ಕೈ ನನಗೆ ಕೊಡು. ಕೆಳಗೆ ನಾನಿರ್ತೀನಿ."

ತಿಪ್ಪಯ್ಯ ತಲೆಯ ಟವಲ್ಲು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡ. "ಅಲ್ಲ ಅಕ್ಕಾರೆ, ಯಾರಾದ್ರೂ ಬಂದು ಈ ಮನೇಲಿ ನೀವ್ಯಾರು ಅಂತ ಕೇಳುದ್ರೆ?" ಅಂದ.

"ಕೇಳೋಕೆ ಬರೋನು ನೀನೇ ತಾನೆ? ನೀನೇ ಈ ವಾರ್ಡಿನ ಬಿಲ್ ಕಲೆಕ್ಟರು."

ಅವನು ಸೊಂಟದ ಉಡಿದಾರದಿಂದ ಬೀಗದ ಕೈ ಬಿಚ್ಚಿ, ಎರಡೂ ಕೈಯಲ್ಲಿ ಹಿಡಿದು ಕೊಟ್ಟ. ಕೊಟ್ಟು, ಆಳುಗಳನ್ನು ಗದರಿಸುವ ನೆಪದಲ್ಲಿ ಹೊರಗೆ ಹೋದ.

ನನಗೆ ತಡೆಯಲಾಗಲಿಲ್ಲ. ಅಷ್ಟು ಅಲೆದದ್ದು, ಅಷ್ಟು ಕಾದದ್ದು ಇದಕ್ಕಾ ಅನ್ನಿಸಿತು. "ಇದು ಬೇಡ ಅಕ್ಕ," ಅಂದೆ. "ಖಾತೆ ಇಲ್ಲ, ರಸೀದಿ ಇಲ್ಲ, ಒಂದು ಚೂರು ಕಾಗದ ಇಲ್ಲ. ಈ ಮನೆ ನಿಮ್ಮದಲ್ಲ. ನಾಳೆ ಯಾರೋ ಬಂದು ಎದ್ದು ಹೋಗಿ ಅಂದ್ರೆ ಎದ್ದು ಹೋಗಬೇಕಾಗುತ್ತೆ. ಅರ್ಜಿ ಹಾಕೋಣ, ತುಮಕೂರಿಗೆ ಹೋಗೋಣ, ನಾನೇ ಬತ್ತೀನಿ."

ಅವರು ಒಲೆಯ ಪಕ್ಕದ ನೆಲವನ್ನು ಸೆರಗಿನಲ್ಲಿ ಒರೆಸಿ, ಗೋಡೆಗೆ ಬೆನ್ನು ಕೊಟ್ಟು ಕಾಲು ಚಾಚಿ ಕೂತರು.

"ಆ ಆಫೀಸಿಗೆ ಇನ್ನೊಂದು ಸಲ ಹೋಗೋ ಶಕ್ತಿ ನನಗಿಲ್ಲ ಬಸವರಾಜು. ಎದ್ದೋಗು ಅಂದ್ರೆ ಎದ್ದೋಗೋದು. ಇಷ್ಟು ವರ್ಷ ಅಣ್ಣನ ಮನೇಲಿ ಇದ್ನಲ್ಲ, ಅಲ್ಲಿ ನನ್ನ ಹತ್ರ ಯಾವ ಕಾಗದ ಇತ್ತು?"

ನಾನು ಹೊರಗೆ ಬಂದು, ಬೋರಮ್ಮನ ಹತ್ತಿರ ಒಲೆ ಮೆತ್ತುವುದಕ್ಕೆ ಸ್ವಲ್ಪ ಮಣ್ಣು ಕೇಳಿದೆ.